ಮಾತಿನ ಪಾಳಿ

ಅಲ್ಲಪ್ಪನ ಮೀಸೆ ದೊಡ್ಡದು. ತಾನು ನ್ಯಾಯವಂತನೆಂಬ ಅವನ ಹೆಮ್ಮೆ ಮಾತ್ರ ಮೀಸೆಗಿಂತಲೂ ಒಂದು ಕೈ ದೊಡ್ಡದು. ಅದನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ದಾರಿಯಲ್ಲಿ ನಡೆಯುವಾಗ ಅವನ ಕತ್ತು ನೋಡಿದರೆ ಸಾಕಿತ್ತು.

ಅರಭಾವಿಯಿಂದ ಮೂಡಲಗಿಯ ಸಂತೆಗೆ ಹೋಗುವ ಗಾಡಿದಾರಿಯ ಮೇಲೆ ಅವನ ಊರು. ದೊಡ್ಡ ಕಾಲುವೆಯಿಂದ ಕವಲೊಡೆದು ಬಂದ ಒಂದು ಸಣ್ಣ ಕಾಲುವೆ ಆ ಊರಿನ ಹೊಲಗಳಿಗೆ ನೀರು ತರುತ್ತಿತ್ತು. ಆ ನೀರಿಗೆ ಪಾಳಿ ಹಚ್ಚುವವನು ಅಲ್ಲಪ್ಪ. ಯಾರ ಹೊಲಕ್ಕೆ ಯಾವಾಗ ನೀರು, ಎಷ್ಟು ಹೊತ್ತು ನೀರು, ಎಲ್ಲವೂ ಅವನ ಮಾತಿನ ಮೇಲೆ ನಡೆಯುತ್ತಿತ್ತು. ಅವನದೂ ಆ ಕಾಲುವೆಯ ಕೆಳಗೆ ಒಂದು ಜೋಳದ ಹೊಲವಿತ್ತು. ಸರ್ಕಾರ ಅವನನ್ನು ನೇಮಿಸಿರಲಿಲ್ಲ, ಪಗಾರವೂ ಇರಲಿಲ್ಲ. ಹಿಂದೊಮ್ಮೆ ಕಾಲುವೆಯ ಮೇಲೆ ಸಲಿಕೆಗಳಿಂದ ಬಡಿದಾಟವಾಗಿ ಇಬ್ಬರು ಗೋಕಾಕದ ದವಾಖಾನೆ ಸೇರಿದಾಗ, ಹೊಲದವರೆಲ್ಲ ಕೂಡಿ ಅವನ ಕೈಗೆ ತೂಬಿನ ಕೀಲಿ ಕೊಟ್ಟಿದ್ದರು. ಅವನ ಹತ್ತಿರ ಹೊತ್ತಿಗೆ ಸರಿಯಾಗಿ ಎಚ್ಚರಿಸುವ ಒಂದು ಗಜರದ ಗಡಿಯಾರವಿತ್ತು. ಗಜರ ಬಡಿಯುವುದು ಯಾವತ್ತೋ ನಿಂತುಹೋಗಿದ್ದರಿಂದ ಆ ಕೆಲಸವನ್ನು ಅಲ್ಲಪ್ಪನ ಗಂಟಲೇ ಮಾಡುತ್ತಿತ್ತು. "ಪಾಳಿ ಮುಗೀತೂ!" ಎಂದು ಅವನು ಬದುವಿನ ಮೇಲೆ ನಿಂತು ಕೂಗಿದರೆ, ಮರುಮಾತಿಲ್ಲದೆ ಒಬ್ಬ ಮಣ್ಣು ಹಾಕಿ ತನ್ನ ಮಡಿ ಕಟ್ಟುತ್ತಿದ್ದ, ಇನ್ನೊಬ್ಬ ನೀರಿಗೆ ತನ್ನದನ್ನು ಒಡೆಯುತ್ತಿದ್ದ.

ಕಾಲುವೆಯ ಒಂದು ಕಟ್ಟಳೆಯನ್ನು ಇಲ್ಲೇ ಹೇಳಿಬಿಡಬೇಕು. ತೂಬಿನಿಂದ ನೀರು ಹೊರಟ ಕ್ಷಣದಿಂದ ಹೊತ್ತು ಹಿಡಿದರೆ ಕಾಲುವೆಯ ಬಾಲದಲ್ಲಿ ಹೊಲವಿದ್ದವನು ಕೆಟ್ಟ. ನೀರು ದಾರಿಯಲ್ಲಿರುವಾಗಲೇ ಅವನ ಅರ್ಧ ಪಾಳಿ ಕರಗಿರುತ್ತದೆ. ಆದ್ದರಿಂದ ನೀರು ಹೊಲದ ಬದು ಮುಟ್ಟಿದ ಮೇಲೆಯೇ ಪಾಳಿ ಸುರು. ನಡುವೆ ಕಾಲುವೆ ಒಡೆದು ನೀರು ಹಳ್ಳಕ್ಕೆ ಹರಿದರೆ ಆ ಹೊತ್ತೂ ಲೆಕ್ಕಕ್ಕಿಲ್ಲ. ಬಡವನ ಹೊಟ್ಟೆ ನೋಡಿ ಯಾರೋ ಪುಣ್ಯಾತ್ಮರು ಮಾಡಿದ ಕಟ್ಟಳೆ ಅದು. ಅಲ್ಲಪ್ಪ ಅದನ್ನು ಕಣ್ಣುಮುಚ್ಚಿ ಪಾಲಿಸುತ್ತಿದ್ದ. ಕಣ್ಣುಮುಚ್ಚಿದ್ದೇ ತಪ್ಪಾಯಿತು.

ಅರವತ್ತನೆಯ ಇಸವಿಯ ಸುಮಾರಿಗೆ ಹೊಸ ಕಾಯದೆಯ ಪ್ರಕಾರ ಊರಿಗೆ ಪಂಚಾಯಿತಿ ಚುನಾವಣೆ ಬಂತು. ಅಲ್ಲಪ್ಪನ ಓಣಿಯ ಜಾಗಕ್ಕೆ ಮೂವರು ನಿಂತರು. ಮೊದಲನೆಯವರು ಮಾಲಿಂಗಪ್ಪಗೌಡರು. ಕಾಲುವೆಯ ತಲೆಯಲ್ಲೇ ಕಬ್ಬಿನ ಹೊಲವಿದ್ದವರು, ಮದುವೆಯಿರಲಿ ಮಣ್ಣಿರಲಿ ನಾಲ್ಕು ಜನ ಕೂಡಿದಲ್ಲಿ ಭಾಷಣ ಮಾಡದೆ ಊಟಕ್ಕೆ ಕೂಡದವರು. ಎರಡನೆಯವನು ಹಿಟ್ಟಿನ ಗಿರಣಿಯ ಸಾತಪ್ಪ. ಹುಕ್ಕೇರಿಯಿಂದ ಇಂಜಿನ್ ತಂದು ಕೂಡಿಸಿದಾಗಿನಿಂದ ತಾನೇ ಊರನ್ನು ನಡೆಸುತ್ತಿದ್ದೇನೆ ಎಂದುಕೊಂಡವನು. ಮೂರನೆಯವಳು ಉದ್ದವ್ವ, ಕೆಳಗಿನ ಕೇರಿಯವಳು, ಗೌಡರ ಕಬ್ಬಿಗೆ ಕೂಲಿಯ ಮೇಲೆ ನೀರು ಹಾಯಿಸುವವಳು. "ಈ ಜಾಗಕ್ಕೆ ಯಾರು ಬೇಕಾದರೂ ನಿಲ್ಲಬಹುದು" ಎಂದು ಗ್ರಾಮಸೇವಕ ಚಾವಡಿಯಲ್ಲಿ ಓದಿ ಹೇಳಿದ್ದನ್ನು ಇಡೀ ಊರಿನಲ್ಲಿ ನಿಜವೆಂದು ನಂಬಿದವಳು ಅವಳೊಬ್ಬಳೇ.

ಸಾಲೆಯ ಮಾಸ್ತರರಿಗೆ ರೇಡಿಯೋದ ಹುಚ್ಚು. ನಾಲ್ಕು ಮಂದಿ ದೊಡ್ಡವರು ಒಂದೆಡೆ ಕೂತು, ಒಬ್ಬರಾದ ಮೇಲೆ ಒಬ್ಬರು ದೇಶದ ಬಗ್ಗೆ ಚರ್ಚಿಸುವುದನ್ನು ಕೇಳಿ ಕೇಳಿ ಅವರಿಗೆ ನಮ್ಮೂರಲ್ಲೂ ಯಾಕಾಗಬಾರದು ಅನ್ನಿಸಿತು. ಅಮಾವಾಸ್ಯೆಯ ದಿನ ಯಾರೂ ಎತ್ತು ಹೂಡುವುದಿಲ್ಲ, ಊರೆಲ್ಲ ಬಿಡುವು. ಅವತ್ತು ಮಧ್ಯಾಹ್ನ ಮೂವರೂ ಸಾಲೆಯ ಕಟ್ಟೆಯ ಮೇಲೆ ಕೂತು ತಲಾ ಹತ್ತು ನಿಮಿಷ ಮಾತಾಡಲಿ, ಜನ ಕೇಳಿ ಮತ ಹಾಕಲಿ ಎಂದರು. ಹೊತ್ತು ಹಿಡಿಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಮುಖ ಒಂದೇ ಕಡೆ ತಿರುಗಿತು. ಅಲ್ಲಪ್ಪನ ಕತ್ತು ಇನ್ನೂ ಎರಡು ಬೆರಳು ಉದ್ದವಾಯಿತು.

"ನೋಡ್ರಿ, ನನ್ನ ಕಡೆ ಗೌಡ್ರಿಗೆ ಒಂದು, ಗರೀಬರಿಗೆ ಒಂದು ಇಲ್ಲ," ಎಂದ ಅವನು. "ಕಾಲುವಿಗೆ ಏನ ಕಟ್ಟಳಿ ಐತಿ, ಮಾತಿಗೂ ಅದ. ವಿಷಯ ಮುಟ್ಟಿದ ಮ್ಯಾಲ ಪಾಳಿ ಸುರು."

ಕೂಡಿದ ಜನ ತಲೆದೂಗಿದರು. ಅದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಉದ್ದವ್ವನೂ ತಲೆದೂಗಿದಳು.

ಅಮಾವಾಸ್ಯೆಯ ದಿನ ಅಂಕಲಗಿಯಿಂದ ಬಾಡಿಗೆಗೆ ತಂದ ಲೌಡ್‌ಸ್ಪೀಕರ್ ಬೇವಿನ ಮರದ ಕೊಂಬೆಯಲ್ಲಿ ತೂಗಾಡಿತು. ಮಾಸ್ತರರು ಚೀಟಿ ಎತ್ತಿಸಿದರು. ಮೊದಲು ಗೌಡರು, ಆಮೇಲೆ ಸಾತಪ್ಪ, ಕೊನೆಗೆ ಉದ್ದವ್ವ ಎಂದು ಬಂತು. ಅಲ್ಲಪ್ಪ ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡು, ಮುಹೂರ್ತ ನೋಡುವ ಐನಾರನಂತೆ ಗಂಭೀರವಾಗಿ ಕೂತ.

ಗೌಡರು ಎದ್ದು ನಿಂತು ಶಲ್ಯ ಸರಿಮಾಡಿಕೊಂಡರು. ಅಧ್ಯಕ್ಷರಿಗೆ ವಂದಿಸಿದರು. ಗುರುಗಳಿಗೆ, ಹಿರಿಯರಿಗೆ, ತಾಯಂದಿರಿಗೆ ವಂದಿಸಿದರು. ಊರದೇವರಿಗೆ, ಪಕ್ಕದ ಊರಿನ ದೇವರಿಗೂ ವಂದಿಸಿದರು. ಲೌಡ್‌ಸ್ಪೀಕರ್ ಕೊಟ್ಟ ಅಂಕಲಗಿಯ ಮಹನೀಯರನ್ನು, ನೆರಳು ಕೊಟ್ಟ ಬೇವಿನ ಮರವನ್ನು ನೆನೆದರು. ಸ್ವಾತಂತ್ರ್ಯ ಬಂದ ದಿನ ತಾವು ಎಲ್ಲಿದ್ದೆವು, ಏನು ಉಟ್ಟಿದ್ದೆವು ಎಂದು ಹೇಳಿದರು. ಕನ್ನಡನಾಡು ಒಂದಾದಾಗ ಹಂಚಿದ ಪೇಡೆಯ ರುಚಿಯನ್ನು ಬಾಯಿ ಚಪ್ಪರಿಸಿಯೇ ತೋರಿಸಿದರು. ಅಲ್ಲಪ್ಪನ ಕಣ್ಣು ಗೌಡರ ಬಾಯಿಯ ಮೇಲೆ, ಕೈ ಗಡಿಯಾರದ ಮೇಲೆ.

ಕಾಲುವೆಯ ಬಾಲದಲ್ಲಿ ಹೊಲವಿದ್ದ ಹನಮಂತ ಅವನ ಬಾಜೂಕ್ಕೇ ಕೂತಿದ್ದ. ಮೆಲ್ಲಗೆ ಕೇಳಿದ, "ಏನೋ ಅಲ್ಲಪ್ಪಾ, ನೀರ ಮುಟ್ಟಿತೇನ?"

"ಇಲ್ಲೋ. ಇನ್ನೂ ಕಾಲುವ್ಯಾಗ ಐತಿ."

ಮಾಸ್ತರರು ಚಡಪಡಿಸಿ ಬಗ್ಗಿ ಕೇಳಿದರು, "ಅಲ್ಲಪ್ಪಾ, ಗೌಡ್ರ ಟೈಮ್ ಆಗಿಲ್ಲೇನ?"

"ಗೌಡ್ರ ಇನ್ನೂ ವಿಷಯಕ್ಕ ಬಂದಿಲ್ರಿ ಮಾಸ್ತರ. ಮುಟ್ಟದ ನೀರಿಗೆ ಹೆಂಗ ಲೆಕ್ಕ ಹಿಡಿಲಿ?"

ಮಾಸ್ತರರು ಒಳ್ಳೆಯವರು, ಆದರೆ ಊರಿಗೆ ಹೊಸಬರು. ಕಟ್ಟಳೆ ಅಂದ ಮೇಲೆ ಸುಮ್ಮನಾದರು. ಅಷ್ಟರಲ್ಲಿ ಗೌಡರು, "ಈಗ ವಿಷಯಕ್ಕೆ ಬರುತ್ತೇನೆ," ಎಂದರು. ಅಲ್ಲಪ್ಪ ಗಬಕ್ಕನೆ ಮುಳ್ಳು ನೋಡಿಕೊಂಡ. ಆದರೆ ವಿಷಯದ ಬಾಗಿಲಲ್ಲಿ ಗೌಡರಿಗೆ ತಮ್ಮ ಅಜ್ಜ ಎದುರಾದ. ಅಜ್ಜ, ಅಜ್ಜನ ಕುದುರೆ, ಕುದುರೆಯನ್ನು ಮೆಚ್ಚಿದ ಇಂಗ್ರೇಜಿ ಸಾಹೇಬ. "ಕಾಲುವಿ ಒಡದೈತಿ," ಎಂದು ಅಲ್ಲಪ್ಪ ಪಾಳಿ ನಿಲ್ಲಿಸಿದ. ಹೀಗೆ ಕಾಲುವೆ ಮತ್ತೆ ಮತ್ತೆ ಒಡೆಯಿತು, ಅಲ್ಲಪ್ಪ ಮತ್ತೆ ಮತ್ತೆ ನಿಲ್ಲಿಸಿದ. ಬೇವಿನ ಮರದ ನೆರಳು ಅಂಗಳ ದಾಟಿ ಆಚೆ ಗೋಡೆ ಹತ್ತುವಾಗ ಗೌಡರು ತಾವಾಗಿಯೇ ದಣಿದು ಕೂತರು. ಅಲ್ಲಪ್ಪನ ಲೆಕ್ಕದಲ್ಲಿ ಅವರ ಪಾಳಿಯಲ್ಲಿ ಇನ್ನೂ ಮುಕ್ಕಾಲು ಉಳಿದಿತ್ತು. "ಉಳಿದದ್ದನ್ನು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಿದ್ದೇನೆ," ಎಂದು ಗೌಡರು ಕೂತಲ್ಲಿಂದಲೇ ಘೋಷಿಸಿದರು, ಚಪ್ಪಾಳೆಯೂ ಬಿತ್ತು.

ಸಾತಪ್ಪನಿಗೆ ಭಾಷಣ ಗೊತ್ತಿರಲಿಲ್ಲ, ಆದರೆ ಗಿರಣಿಯವನ ಕಣ್ಣು ಚುರುಕು. ಗೌಡರ ದಾರಿ ನೋಡಿಕೊಂಡಿದ್ದ. ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನಮಸ್ಕರಿಸಿ, ಯಾರ ಮನೆಯ ಜೋಳ ಎಷ್ಟು ಬಿಳಿ, ಯಾರ ಮನೆಯ ಗೋಧಿಯಲ್ಲಿ ಎಷ್ಟು ಕಲ್ಲು ಎಂದು ವಿಚಾರಿಸಿದ. ಎಲ್ಲರಿಗೂ ತಮ್ಮ ಹೆಸರು ಲೌಡ್‌ಸ್ಪೀಕರಿನಲ್ಲಿ ಕೇಳುವ ಖುಷಿ. ಹೆಸರುಗಳು ಮುಗಿದ ಮೇಲೆ ಅವನು ವಿಷಯವನ್ನು ಮುಟ್ಟಿದ್ದೂ ಖರೆ. "ನನಗ ಮತ ಹಾಕ್ರಿ," ಎಂದು ಕೂತ.

ಉದ್ದವ್ವ ಎದ್ದಾಗ ಲೌಡ್‌ಸ್ಪೀಕರಿನ ಬ್ಯಾಟರಿ ಸತ್ತಿತ್ತು. ಹೊರಗೆ ಮೇಯಲು ಹೋಗಿದ್ದ ದನ ಧೂಳೆಬ್ಬಿಸಿಕೊಂಡು ಊರೊಳಗೆ ಬರುತ್ತಿದ್ದವು. ಹೆಂಗಸರು ಒಲೆ ಹಚ್ಚಲು ಎದ್ದರು, ಗಂಡಸರು ಹಾಲು ಹಿಂಡಲು ಎದ್ದರು, ಏಳಲು ಕಾರಣವಿಲ್ಲದವರು ಎದ್ದವರ ಹಿಂದೆ ಎದ್ದರು. ಅವಳು ಯಾರಿಗೂ ವಂದಿಸಲಿಲ್ಲ. ವಂದಿಸುವುದರಲ್ಲಿ ಇಷ್ಟು ಲಾಭವಿದೆಯೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

"ನಮ್ಮ ಕೇರಿಗೆ ಕುಡಿಯೂ ನೀರ ಇಲ್ರಿ," ಎಂದಳು.

ಒಂದೇ ಮಾತಿಗೆ ವಿಷಯ ಮುಟ್ಟಿತು. ಅಲ್ಲಪ್ಪ ಆ ಕ್ಷಣವೇ ಮುಳ್ಳು ನೋಡಿದ. ಗದ್ದಲ ಅಡಗಲಿ ಎಂದು ಉದ್ದವ್ವ ಕಾದಳು. ಮುಳ್ಳು ಕಾಯಲಿಲ್ಲ. ಅದನ್ನೇ ಮತ್ತೊಮ್ಮೆ ಹೇಳಿದಳು. ಗೌಡರ ಎಮ್ಮೆಯೊಂದು ಸಭೆಯ ನಡುವೆಯೇ ಹಾದುಹೋಯಿತು. ಮೂರನೆಯ ಸಲ ಸುರು ಮಾಡಿ, ಬಾವಿ, ಕಟ್ಟೆ, ಕೊಡ ಎನ್ನುವಷ್ಟರಲ್ಲಿ ಅಲ್ಲಪ್ಪ ತನ್ನ ಪ್ರಸಿದ್ಧ ಗಂಟಲು ತೆರೆದ.

"ಪಾಳಿ ಮುಗೀತೂ!"

ಉದ್ದವ್ವ ಅವನ ಕಡೆ ತಿರುಗಿದಳು. "ಮುಗೀತೇನ್ರಿ ಅಣ್ಣಾರ?" ಎಂದು ಕೇಳಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. "ಆಗಲ್ರಿ," ಎಂದು ಸೆರಗು ಹೊದ್ದು ಕಟ್ಟೆ ಇಳಿದಳು.

ಅಲ್ಲಪ್ಪ ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಒಬ್ಬರಿಗೂ ಒಂದು ನಿಮಿಷ ಹೆಚ್ಚು ಕೊಟ್ಟಿರಲಿಲ್ಲವಲ್ಲ! ಹೆಂಡತಿ ರಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳೂ ಸಭೆಗೆ ಬಂದಿದ್ದಳು. ಅವನು ಕೈತೊಳೆದು ಕೂತು, "ಹೆಂಗಿತ್ತು ನನ್ನ ಕಾರಭಾರ?" ಎಂದ.

"ಭಾರಿ ಇತ್ರಿ," ಎಂದಳು ರಾಮವ್ವ. "ಗೌಡ್ರ ಅಜ್ಜನ ಕುದುರಿ ಯಾವ ಬಣ್ಣದ್ದು ಅಂತ ಊರಿಗೆಲ್ಲಾ ತಿಳೀತು. ಉದ್ದವ್ವ ಏನಂದ್ಲು?"

"ನೀರಿನದ ಏನೋ ಅಂದ್ಲು. ನೀ ಕೇಳಲಿಲ್ಲೇನ?"

"ನಾ ಎದ್ದು ಬಂದ್ನಿ. ಎಮ್ಮಿ ಒದರಾಕತ್ತಿತ್ತು. ನೀವರೆ ಕೇಳೀರೇನ?"

ಅಲ್ಲಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನು ಕೇಳಿರಲಿಲ್ಲ, ಗಡಿಯಾರ ನೋಡುತ್ತಿದ್ದ.

"ಹೊಲ ಮುಟ್ಟಿದ ಮ್ಯಾಲ ಪಾಳಿ ಸುರು ಅಂತೀರಿ," ರಾಮವ್ವ ರೊಟ್ಟಿ ತಿರುವಿ ಹಾಕುತ್ತ ಅಂದಳು. "ಆಕಿ ಮಾತು ಯಾರ ಕಿವಿ ಮುಟ್ಟಿತಂತ ಆಕಿ ಪಾಳಿ ಮುಗಿಸಿದ್ರಿ? ಉಣ್ರಿ, ಪಲ್ಯ ಆರತೈತಿ."

ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಮೂರು ದಿನಗಳಲ್ಲಿ ಅವನ ಪಾಳಿಯ ಲೆಕ್ಕ ಊರ ಮಾತಾಯಿತು. ಬೀಡಿ ಕೇಳಲು ಬಂದವನೂ, "ಗೌಡ್ರ ಲೆಕ್ಕದಾಗ ಹತ್ತು ಕೊಡಪಾ, ಉದ್ದವ್ವನ ಲೆಕ್ಕದಾಗ ಬ್ಯಾಡ," ಎನ್ನತೊಡಗಿದ. ಹತ್ತರಗಿಯಿಂದ ಬಂದ ಬೀಗ, ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಈ ಕತೆ ಹೇಳಿ ನಗುತ್ತಿದ್ದರೆಂದೂ, ಆ ಪಾಳಿಯವನು ತನ್ನ ಬೀಗನೆಂದು ತಾನು ಹೇಳಿಕೊಳ್ಳಲಿಲ್ಲವೆಂದೂ ತಿಳಿಸಿ ಉಪಕಾರ ಮಾಡಿದ. ಇವೆಲ್ಲವನ್ನೂ ಅಲ್ಲಪ್ಪ ನುಂಗಿಕೊಂಡಾನು. ನುಂಗಲಾಗದ್ದು ಹನಮಂತನ ಮಾತು.

"ನಗಿ ಮಾತು ಬಿಡು ಅಲ್ಲಪ್ಪಾ," ಎಂದ ಹನಮಂತ ಒಂದು ಸಂಜೆ ಕಾಲುವೆಯ ದಂಡೆಯಲ್ಲಿ. "ನನ್ನ ಹೊಲ ಬಾಲದಾಗ ಐತಿ. ನಿನ್ನ ನಂಬಿ ನಾ ಸಲಿಕಿ ಮನ್ಯಾಗಿಟ್ಟು ಮಲಗ್ತೀನಿ. ಬಾಯಿ ದೊಡ್ಡದಿದ್ದಾವ್ರಿಗೆ ದೊಡ್ಡ ಪಾಳಿ ಅಂತ ಆದ್ರ, ನಾಳೆಯಿಂದ ನಾನೂ ಸಲಿಕಿ ಹೊತ್ತುಕೊಂಡು ಬರಬೇಕಾಗತೈತಿ. ಎಲ್ಲಾರೂ ಬರ್ತಾರ."

ಅಲ್ಲಪ್ಪನಿಗೆ ಭಯವಾಯಿತು. ತನ್ನ ಹೆಸರು ಕೆಟ್ಟರೆ ಕೆಡುವುದು ತಾನೊಬ್ಬನೇ ಅಲ್ಲ. ನಾಳೆ ಬದುವಿನ ಮೇಲೆ ನಿಂತು ಕೂಗಿದರೆ ಯಾರೂ ಮಡಿ ಕಟ್ಟುವುದಿಲ್ಲ, ಮತ್ತೆ ದವಾಖಾನೆ, ಮತ್ತೆ ಪೊಲೀಸರು. ಆ ಭಯದ ಕೆಳಗೆ ಇನ್ನೊಂದು ಇತ್ತು. "ಮುಗೀತೇನ್ರಿ ಅಣ್ಣಾರ?" ಎಂದು ಕೇಳಿದ ಆ ಮುಖ. ಜಗಳವಾಡಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ಅವಳು ಅವನ ನ್ಯಾಯವನ್ನು ನಂಬಿ ಕಟ್ಟೆ ಇಳಿದು ಹೋಗಿದ್ದಳು, ಅದೇ ಅವನನ್ನು ಚುಚ್ಚುತ್ತಿತ್ತು.

ಮತದಾನಕ್ಕೆ ಇನ್ನೂ ನಾಲ್ಕಾರು ದಿನ ಇರುವಾಗ ಕಾಲುವೆಗೆ ಹೊಸ ನೀರು ಬಂತು. ನೀರು ಬಂದ ಮೊದಲ ಬೆಳಿಗ್ಗೆ, ಪಾಳಿಯ ಸರದಿ ಕೇಳಲು ಹೊಲದವರೆಲ್ಲ ತೂಬಿನ ಹತ್ತಿರ ಕೂಡುವುದು ರೂಢಿ. ಅಂದೂ ಸೂರ್ಯ ಏಳುವ ಮುಂಚೆಯೇ ಎಲ್ಲರೂ ಬಂದಿದ್ದರು. ಗೌಡರು ಬಂದಿದ್ದರು, ಕಾಲುವೆಯ ಕೆಳಗೆ ಒಂದು ತುಂಡು ಹೊಲವಿದ್ದ ಸಾತಪ್ಪನೂ ಬಂದಿದ್ದ. ಗೌಡರ ಕಬ್ಬಿಗೆ ನೀರು ಹಾಯಿಸಲು ಉದ್ದವ್ವ ಸಲಿಕೆ ಹಿಡಿದು ತುಸು ದೂರ ನಿಂತಿದ್ದಳು.

ಅಲ್ಲಪ್ಪ ತೂಬಿನ ಮೇಲೆ ಕೂತ. ಗಂಟಲು ಸರಿ ಮಾಡಿಕೊಂಡ.

"ಪಾಳಿ ಹಚ್ಚಾವ್ನ ತಪ್ಪಿನಿಂದ ಯಾರದರೆ ನೀರು ಹೋದ್ರ, ಅವ ತನ್ನ ಪಾಳಿಯಿಂದ ತುಂಬಿ ಕೊಡಬೇಕು. ಹೌದಲ್ಲೋ?"

"ಹೌದು," ಎಂದರು ಎಲ್ಲರೂ.

"ಅಮಾಸಿ ದಿನ ನಾ ತಪ್ಪಿದೆ. ಈ ಸಲದ ಮೊದಲ ಪಾಳಿ ನಂದು. ಅದನ್ನ ಉದ್ದವ್ವಗ ಕೊಟ್ಟೇನಿ."

ಗೌಡರು ನಕ್ಕರು. "ಆಕಿಗೆ ಹೊಲಾ ಎಲ್ಲೈತೋ?"

"ಹೊಲಕ್ಕಲ್ರಿ ಗೌಡ್ರ, ಮಾತಿಗೆ. ಆಕಿ ಮಾತು ಮುಗಿಯೂತನಕ ತೂಬು ತಗಿಯಂಗಿಲ್ಲ."

"ಮಾತಿಗೆ ನೀರು ನಿಂದರಿಸ್ತೀ? ತಲಿ ಕೆಟ್ಟೈತೇನ ನಿಂದು?"

"ಒಣಗೂದು ನನ್ನ ಜ್ವಾಳ ರೀ. ನಿಮ್ಮ ಪಾಳಿ ನಿಮಗ ಐತಿ."

ನೀರು ಬಿಟ್ಟು ಮನೆಗೆ ಹೋಗುವ ಹಾಗಿಲ್ಲ. ಎಮ್ಮೆಗಳನ್ನು ಹಿಂಡಿಟ್ಟೇ ಬಂದಿದ್ದರು. ಎಲ್ಲರೂ ಸಲಿಕೆ ಊರಿಕೊಂಡು ನಿಂತರು, ಎಲ್ಲರ ಕಿವಿಯೂ ಖಾಲಿ ಇತ್ತು. ಅಲ್ಲಪ್ಪ ಗಡಿಯಾರವನ್ನು ಕೈಗೆತ್ತಿಕೊಂಡ. "ಮಾತಾಡವಾ," ಎಂದ.

ಉದ್ದವ್ವ ನಿಂತಲ್ಲಿಂದಲೇ ಹೇಳಿದಳು.

"ಈ ನೀರನ್ನ ನಿಮ್ಮ ಹೊಲಕ್ಕ ತಿರವಾವ್ರು ನಾವು. ಮೊಣಕಾಲಮಟ ನೀರಾಗ ನಿಂತು ತಿರವ್ತೀವಿ. ಆ ನೀರಿನ ಜ್ವಾಳ ನೀವು ಉಣ್ತೀರಿ, ಆ ನೀರಿನ ಬೆಲ್ಲ ತಿಂತೀರಿ. ನಿಮಗ ಏನೂ ಆಗಿಲ್ಲ, ಚಲೋ ಅದೀರಿ. ಸಾಲಿ ಮುಂದಿನ ಬಾವಿಗೆ ಬಂದ್ರ ಮಾತ್ರ ನಾವು ಕಟ್ಟಿ ಕೆಳಗ ನಿಂದರಬೇಕು. ಯಾರಿಗರೆ ಮನಸಾಗಿ ಎತ್ತಿ ಹಾಕಿದ್ರ ನೀರು, ಇಲ್ಲಂದ್ರ ಇಲ್ಲ. ಕಾಲುವಿ ಬಂದ್ ಇದ್ದಾಗ ನನ್ನ ಸೊಸಿ ಕಾಡವ್ವ ಎಳೀಕೂಸು ಬಗಲಾಗಿಟ್ಟುಕೊಂಡು ಮುಂಜಾನಿಂದ ಮಧ್ಯಾಹ್ನತನಕ ನಿಂತಿದ್ಲು. ನಿಮ್ಮ ಮನಿಯಾವ್ರೆಲ್ಲಾ ಬಂದ್ರು, ತುಂಬಿಕೊಂಡು ಹೋದ್ರು."

ಅವಳು ಅಲ್ಲಪ್ಪನ ಕಡೆ ತಿರುಗಿದಳು. "ಅಣ್ಣಾರ, ಈ ಊರಾಗ ಎಲ್ಲಾ ನೀರಿಗೂ ಪಾಳಿ ಹಚ್ಚೀರಿ. ಆ ಬಾವ್ಯಾಗ ನಮ್ಮ ಪಾಳಿ ಎಷ್ಟನೇದ್ರಿ?"

ಅಷ್ಟು ಹೇಳಿ ನಿಲ್ಲಿಸಿದಳು. ಅಲ್ಲಪ್ಪ ಗಡಿಯಾರ ನೋಡಿ, "ಇನ್ನೂ ಹೊತ್ತು ಐತಿ," ಎಂದ.

"ನಂದು ಆತ್ರಿ. ಉಳಿದದ್ದನ್ನ ನಿಮಗ ಕೊಟ್ಟೇನಿ. ಹೇಳ್ರಿ."

ಬೇವಿನ ಮರಕ್ಕೂ ವಂದನೆ ಸಲ್ಲಿಸಿದ್ದ ಗೌಡರಿಗೆ ಆಡಲು ಒಂದು ಶಬ್ದ ಸಿಗಲಿಲ್ಲ. ಊರಿನ ಹೆಸರುಗಳೆಲ್ಲ ಬಾಯಿಪಾಠವಿದ್ದ ಸಾತಪ್ಪ ಯಾರ ಮುಖವನ್ನೂ ನೋಡಲಿಲ್ಲ. ತೂಬಿನ ಹಿಂದೆ ನೀರು ಗುಳುಗುಳು ಅನ್ನುತ್ತಿತ್ತು.

ಅಲ್ಲಪ್ಪನಿಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಆ ಬಾವಿಯ ನೀರು ಕುಡಿದಿದ್ದ. ಕಟ್ಟೆಯ ಕೆಳಗೆ ನಿಂತವರನ್ನು ದಿನಾಲೂ ಕಂಡಿದ್ದ. ಅವರೂ ಸರದಿಯಲ್ಲಿ ನಿಂತವರು ಎಂದು ಅವನ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ. ಪಂಚಾಯಿತಿ ಆಗಲಿ, ಹಿರಿಯರು ಕೂಡಲಿ, ನೋಡೋಣ ಎಂಬ ಮಾತು ನಾಲಗೆಯ ತುದಿಗೆ ಬಂತು. ಬಂದ ಮಾತು ಥೇಟ್ ಗೌಡರ ದನಿಯಲ್ಲಿತ್ತು. ಅವನು ಅದನ್ನು ನುಂಗಿದ.

"ಆ ಬಾವಿಗೂ ಪಾಳಿ ನಾ ಹಚ್ತೀನಿ," ಎಂದ.

"ನಮ್ಮದು ಎಷ್ಟನೇದು?"

ಎಲ್ಲರದೂ ಆದ ಮೇಲೆ ಎನ್ನಲು ಬಾಯಿ ತೆರೆದವನು ಹನಮಂತನನ್ನು ನೋಡಿದ. ಬಾಲದ ಹೊಲದವನು ಅವನನ್ನೇ ನೋಡುತ್ತಿದ್ದ.

"ಎಷ್ಟನೇದೂ ಇಲ್ಲ," ಎಂದ ಅಲ್ಲಪ್ಪ. "ಕಟ್ಟಿ ಮ್ಯಾಲ ಬಂದು ನಿಂದರ್ರಿ. ಮೊದಲ ಬಂದಾವ್ರಿಗೆ ಮೊದಲ ಪಾಳಿ. ಯಾರರೆ ಇರಲಿ."

ಜೇನುಗೂಡಿಗೆ ಕಲ್ಲು ಬಿದ್ದಂತೆ ಗದ್ದಲವೆದ್ದಿತು. ಯಾರೋ ಬೈದರು, ಯಾರೋ ದೇವರನ್ನು ಕರೆದರು. ಹನಮಂತ ಮಾತ್ರ ಗಟ್ಟಿಯಾಗಿ, "ಕಟ್ಟಳಿ ಅಂದ್ರ ಕಟ್ಟಳಿ!" ಎಂದ. ಉದ್ದವ್ವ ಇದಾವುದಕ್ಕೂ ನಿಲ್ಲಲಿಲ್ಲ. ಸಲಿಕೆಯನ್ನು ಗೌಡರ ಬದುವಿಗೆ ಚುಚ್ಚಿ, ಸೆರಗು ಸಿಕ್ಕಿಸಿ, ಮನೆಯಿಂದ ಕೊಡ ತರಲು ಕೇರಿಯ ದಾರಿ ಹಿಡಿದಳು.

ಅಲ್ಲಪ್ಪ ತೂಬಿನ ಕೀಲಿಯನ್ನು ಹನಮಂತನ ಕೈಗೆ ಹಾಕಿದ. ಪಾಳಿ ಎಲ್ಲಿದೆಯೋ ಹಚ್ಚುವವನು ಅಲ್ಲಿರಬೇಕು, ಇಲ್ಲದಿದ್ದರೆ ಬಾವಿಯ ಕಟ್ಟೆಯ ಮೇಲೆ ಏನಾದರೂ ಆದೀತು. ಅವಳ ನಡಿಗೆ ಬಿರುಸು, ಕತ್ತು ಎತ್ತಿ ನಡೆಯಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ಓಡುತ್ತಲೇ ಹಿಂದೆ ಹೋದ.

ಆಗ ಗೌಡರಿಗೆ ಮಾತು ಬಂತು. "ಉದ್ದವ್ವಾ! ನನ್ನ ಕಬ್ಬಿಗೆ ನೀರ ಯಾರ ಹಾಯಿಸ್ತಾರ?"

ಯಾರಿಗೂ ವಂದಿಸದೆ ಗೌಡರು ನೇರವಾಗಿ ವಿಷಯಕ್ಕೆ ಬಂದದ್ದು ಅದೇ ಮೊದಲು. ಉದ್ದವ್ವ ತಿರುಗಿ ನೋಡಲಿಲ್ಲ, ನಡಿಗೆಯನ್ನೂ ನಿಲ್ಲಿಸಲಿಲ್ಲ.

"ನನ್ನ ಪಾಳಿ ಆದ ಮ್ಯಾಲ ಬರ್ತೀನ್ರಿ ಗೌಡ್ರ," ಎಂದಳು.